ಅಜ್ಜನ ಐವತ್ತೆರಡನೆಯ ವಸ್ತು

ನನ್ನ ಹತ್ತಿರ ನೂರಾ ನಾಲ್ಕು ಹಾಲಿನ ಡಬ್ಬಿಗಳಿವೆ. ಒಂದರಲ್ಲೂ ಹಾಲಿಲ್ಲ. ಎಲ್ಲವೂ ಎರಡನೆಯ ಮಹಾಯುದ್ಧದ ಕಾಲದ ಇಂಗ್ಲಿಷ್ ವಾರಪತ್ರಿಕೆಗಳಲ್ಲಿ ಅಚ್ಚಾದ ಜಾಹೀರಾತಿನ ಡಬ್ಬಿಗಳು. ಯಾಕೆ ಕೂಡಿಸಿದಿರಿ ಎಂದು ನೀವು ಕೇಳುತ್ತೀರಿ ಅನ್ನುವುದು ನನಗೆ ಗೊತ್ತು, ಯಾಕೆಂದರೆ ನನ್ನ ಹೆಂಡತಿ ಅದನ್ನು ಮೊದಲ ಡಬ್ಬಿಯಿಂದಲೇ ಕೇಳುತ್ತಿದ್ದಾಳೆ. ಅಂಚೆಚೀಟಿ ಕೂಡಿಸುವವರಿಗೆ ಸಂಘಗಳಿವೆ, ಹಳೆಯ ನಾಣ್ಯ ಕೂಡಿಸುವವರಿಗೆ ಊರಲ್ಲಿ ಮರ್ಯಾದೆ ಇದೆ. ಡಬ್ಬಿ ಹಾಲಿನ ಜಾಹೀರಾತು ಕೂಡಿಸುವವನಿಗೆ ಇರುವುದು ಹೆಂಡತಿಯ ಪ್ರಶ್ನೆ ಮಾತ್ರ.

ಇದು ಶುರುವಾದದ್ದು ಎಂಬತ್ತರ ದಶಕದ ನಡುವೆ, ನಿಪ್ಪಾಣಿಯಲ್ಲಿ, ಉಳ್ಳಾಗಡ್ಡಿ ಭಜಿಯಿಂದ. ನಾನಾಗ ಚಿಕ್ಕೋಡಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮಾಸ್ತರ. ನಮ್ಮದು ಜೈನರ ಮನೆ; ಅಡುಗೆಮನೆಯೊಳಗೆ ಉಳ್ಳಾಗಡ್ಡಿ ಬರುತ್ತಿರಲಿಲ್ಲ. ಆ ಕಾರಣಕ್ಕೇ ನನಗೆ ತಿಂಗಳಿಗೆರಡು ಸಲ ನಿಪ್ಪಾಣಿಯಲ್ಲಿ ಏನಾದರೂ ಕೆಲಸ ಬೀಳುತ್ತಿತ್ತು. ಅಂಥ ಒಂದು ಕೆಲಸದ ದಿನ ಬಸ್‌ಸ್ಟ್ಯಾಂಡಿನ ಹತ್ತಿರ ಭಜಿ ಕಟ್ಟಿಸಿಕೊಂಡೆ. ತಿಂದು ಮುಗಿಸಿ ಕೈ ಒರೆಸಿಕೊಳ್ಳಲು ಹೋದಾಗ, ಎಣ್ಣೆ ಇಂಗಿದ ಕಾಗದದಿಂದ ಗುಂಡು ಮುಖದ ಮಗುವೊಂದು ನನ್ನನ್ನು ನೋಡುತ್ತಿತ್ತು. ಅದರ ಮುಂದೆ ಖಾಲಿ ಬಟ್ಟಲು. ಮೂಲೆಯಲ್ಲೊಂದು ಹಾಲಿನ ಡಬ್ಬಿ. ಕೆಳಗೆ ಬರೆದದ್ದನ್ನು ಓದಿದೆ. ನಮ್ಮ ಹಾಲು ಈಗ ಹೆಚ್ಚಾಗಿ ಸಿಪಾಯಿಗಳ ಸಂಗಡ ಹೋಗಿದೆ, ಅಂಗಡಿಯವನು ಇಲ್ಲ ಎಂದರೆ ದಯವಿಟ್ಟು ಅವನ ಮೇಲೆ ಸಿಟ್ಟಾಗಬೇಡಿ, ಯುದ್ಧ ಮುಗಿಯುವವರೆಗೆ ತಾಳಿಕೊಳ್ಳಿ, ನಮ್ಮನ್ನು ಮರೆಯಬೇಡಿ ಎಂಬ ಧಾಟಿಯಲ್ಲಿತ್ತು.

ತನ್ನ ಸರಕು ಸಿಗುವುದಿಲ್ಲ ಎಂದು ಹೇಳಲು ಪತ್ರಿಕೆಯಲ್ಲಿ ಜಾಹೀರಾತು ಹಾಕಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಓದುತ್ತ ಓದುತ್ತ ಬರೆದವನ ಮೇಲೆ ಅಂತಃಕರಣ ಉಕ್ಕಿತು. ಇವನು ನನ್ನ ಜಾತಿಯ ಮನುಷ್ಯ ಎನಿಸಿತು. ನಾನು ಪಾಠ ಶುರುಮಾಡುವ ಮೊದಲು, ಇವತ್ತಿನದು ಸ್ವಲ್ಪ ಅಡ್ಡಾದಿಡ್ಡಿ ಆಗಬಹುದು, ತಪ್ಪು ತಿಳಿಯಬೇಡಿ ಎಂದು ಮಕ್ಕಳ ಕ್ಷಮೆ ಕೇಳುವವನು. ಬಸ್ಸು ಹತ್ತಿದ ಮೇಲೆ ಇದು ನಮ್ಮೂರಿಗೇ ಹೋಗುತ್ತದೆಯೇ ಎಂದು ಬೋರ್ಡು ಓದಿದ ಮೇಲೂ ಇಬ್ಬರನ್ನು ಕೇಳುವವನು. ಇಂಥವನಿಗೆ ಕ್ಷಮೆ ಕೇಳುವ ಜಾಹೀರಾತು ಕೈಗೆ ಬಂದರೆ ಬಿಟ್ಟಾನೆಯೇ?

ಮನೆಗೆ ತಂದು, ಎಣ್ಣೆ ಹೀರಲೆಂದು ಶಾಲೆಯ ಚಾಕ್‌ಪೀಸು ಪುಡಿ ಮಾಡಿ ಅದರ ಮೇಲೆ ಉದುರಿಸಿದೆ. ಎರಡು ದಿನ ಎರಡು ಪುಸ್ತಕಗಳ ನಡುವೆ ಒತ್ತಿಟ್ಟೆ. ಎಣ್ಣೆ ಹೋಯಿತು, ವಾಸನೆ ಹೋಗಲಿಲ್ಲ. ಹೆಂಡತಿ ಪುಸ್ತಕ ಎತ್ತಿ ಮೂಸಿ ನೋಡಿದಳು. "ಏನ್ರೀ ಇದು, ಇಂಗ್ಲಿಷಿಗೂ ಉಳ್ಳಾಗಡ್ಡಿ ವಾಸನಿ ಇರ್ತೈತೇನು?" ಎಂದಳು. ನಾನು ಹಳೆಯ ಕಾಗದಕ್ಕೆ ಹಾಗೇ ಎಂದೆ. ಅವಳು ನಂಬಿದಳು ಎಂದು ಬಹಳ ವರ್ಷ ನಂಬಿದ್ದೆ.

ಅಲ್ಲಿಂದ ಹುಚ್ಚು ಹಿಡಿಯಿತು. ಭಜಿಯವನು ರದ್ದಿ ಅಂಗಡಿ ತೋರಿಸಿದ, ರದ್ದಿಯವನು ತಂಬಾಕಿನ ವಖಾರಿ ತೋರಿಸಿದ. ಅಥಣಿಯಲ್ಲಿ ಒಂದು ಸೀರೆ ಅಂಗಡಿಯ ಅಟ್ಟ, ರಾಯಬಾಗದಲ್ಲಿ ಒಂದು ಕ್ಷೌರದ ಅಂಗಡಿಯ ಗೋಡೆ, ಸದಲಗಾದಲ್ಲಿ ಒಬ್ಬ ಮುದುಕಿಯ ಟ್ರಂಕಿನ ತಳ, ಎಲ್ಲ ಕಡೆ ಹಾಲಿನ ಡಬ್ಬಿಗಳು ಸಿಕ್ಕವು. ಎಮ್ಮೆ ಕಟ್ಟದ ಮನೆ ಹುಡುಕಿದರೂ ಸಿಗದ ಈ ಸೀಮೆಯಲ್ಲಿ ಡಬ್ಬಿ ಹಾಲಿನ ಚಿತ್ರ ಇಷ್ಟೊಂದು ಯಾಕೆ ಎಂದು ನನಗೂ ಆಶ್ಚರ್ಯವಾಗುತ್ತಿತ್ತು. ನಿಪ್ಪಾಣಿಯ ವಖಾರಿಯ ಹಿರಿಯರೊಬ್ಬರು ಹೇಳಿದರು: ಯುದ್ಧದ ಕಾಲಕ್ಕೆ ಕೊಲ್ಹಾಪುರದ ಹತ್ತಿರ ಪರದೇಶದ ನಿರಾಶ್ರಿತರ ಛಾವಣಿ, ಅಂದರೆ ಶಿಬಿರ, ಇತ್ತು, ಬರೀ ಹೆಂಗಸರು, ಮಕ್ಕಳು. ಛಾವಣಿ ಎತ್ತಿದಾಗ ಅಲ್ಲಿಯ ಪತ್ರಿಕೆಗಳೆಲ್ಲ ರದ್ದಿಯಾಗಿ ಈ ಕಡೆ ಬಂದವು, ತಂಬಾಕಿನ ಹೊರೆಗೆ ಹಾಸಲು, ಕಪಾಟಿಗೆ ಹಾಸಲು, ಒಂದೊಂದು ಮನೆಗೆ ಒಂದೊಂದು ಕಟ್ಟು.

ಕೂಡಿಸುವ ಸುಖ ನನಗೆ ದಕ್ಕಿದ್ದು ಕಡಿಮೆ; ಕಾಯುವ ಕಾಳಜಿಯೇ ಹೆಚ್ಚು. ಗೆದ್ದಲು ಹತ್ತೀತು ಎಂದು ಟ್ರಂಕನ್ನು ಇಟ್ಟಿಗೆಯ ಮೇಲಿಟ್ಟೆ. ಇಟ್ಟಿಗೆ ತಂಪು ಹಿಡಿದೀತು ಎಂದು ಅದರ ಮೇಲೆ ಹಲಗೆ ಹಾಕಿದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು, ಒಂದೊಂದೇ ಹಾಳೆಗೆ ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದೆ. ಪಕ್ಕದ ಮನೆಯವರು ಕಿಟಕಿಯಿಂದ ಅದನ್ನು ಕಂಡು, ಮಾಸ್ತರ ಯಾರಿಗೆ ಗಾಳಿ ಹಾಕುತ್ತಾರೆ ಎಂದು ಹೆಂಡತಿಯನ್ನು ಕೇಳಿದ್ದರಂತೆ. ಅವಳು, ಕೂಸುಗಳಿಗೆ ಸೆಕಿ ಆಗೇತಿ ಎಂದು ಉತ್ತರ ಕೊಟ್ಟಿದ್ದಳು.

ಇಷ್ಟು ಕೂಡಿದರೂ ನನಗೆ ಬೇಕಾದದ್ದು ಒಂದು ಸಿಕ್ಕಿರಲಿಲ್ಲ. ಅದು ಎಲ್ಲಿದೆ ಎಂಬುದು ಗೊತ್ತಿತ್ತು. ಕಾಗವಾಡದಲ್ಲಿ, ನನ್ನ ಹೆಂಡತಿಯ ಅಜ್ಜನ ಮನೆಯಲ್ಲಿ, ಗೋಡೆಯೊಳಗಿನ ಕಪಾಟಿನ ಬಾಗಿಲ ಒಳಮೈಗೆ ಎರಡು ಟಾಚಣಿ ಪಿನ್ನಿನಿಂದ ಚುಚ್ಚಿಟ್ಟ ಒಂದು ಹಾಳೆ. ನನ್ನ ಟ್ರಂಕಿನಲ್ಲಿದ್ದವೆಲ್ಲ ಕಪ್ಪು ಬಿಳುಪು. ಇದು ಬಣ್ಣದ್ದು. ಓರೆಯಾಗಿ ಹಿಡಿದ ಡಬ್ಬಿಯಿಂದ ಹಾಲು ಜೇನಿನ ಹಾಗೆ ಗಟ್ಟಿಯಾಗಿ ನೀಲಿ ಬಟ್ಟಲಿಗೆ ಬೀಳುತ್ತಿದೆ. ಡಬ್ಬಿ ಹಿಡಿದ ಹೆಂಗಸಿನ ಕೈ ಮಾತ್ರ ಕಾಣುತ್ತದೆ, ಮುಖವಿಲ್ಲ. ಅಜ್ಜ ಯಾರ ಕೈಗೂ ಕೀಲಿ ಕೊಡದ ಆ ಕಪಾಟು ಒಂದು ದಿನ ತೆರೆದಿದ್ದಾಗ, ಅಂಗಿ ತೆಗೆದಿಡಲು ಹೋಗಿ, ಅಕಸ್ಮಾತ್ ಅದನ್ನು ನೋಡಿದೆ. ಅಜ್ಜ ನನ್ನ ಮುಖ ನೋಡಿ ಬಾಗಿಲು ಮುಚ್ಚಿಬಿಟ್ಟರು.

ಅಜ್ಜ ಎಂದರೆ ನನ್ನ ಅತ್ತೆಯ ತಂದೆ. ಹರೆಯದಲ್ಲಿ ಬೆಲ್ಲದ ವ್ಯಾಪಾರ ಮಾಡಿದವರು, ಆಮೇಲೆ ದ್ರಾಕ್ಷಿ ಹಚ್ಚಿದವರು. ನಾನು ನೋಡುವ ಹೊತ್ತಿಗೆ ತೋಟವನ್ನೆಲ್ಲ ಮಕ್ಕಳ ಹೆಸರಿಗೆ ಮಾಡಿ, ಪಡಸಾಲೆಯಲ್ಲಿ ಕೂತು ಜಪಮಣಿ ತಿರುಗಿಸುತ್ತಿದ್ದರು. ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದ, ಬಟ್ಟೆಯಲ್ಲಿ ಸೋಸದ ನೀರು ಕುಡಿಯದ, ಹೊರಗಿನವರ ಕೈಯಿಂದ ಏನೂ ತಿನ್ನದ ಮನುಷ್ಯ. ಊರಲ್ಲಿ ಅವರ ನೇಮ ಎಂದರೆ ಗಡಿಯಾರದಂತೆ. ಅಂಥವರ ಕಪಾಟಿನಲ್ಲಿ ಡಬ್ಬಿ ಹಾಲು ಯಾಕೆ ಎಂದು ನಾನು ಕೇಳಲಿಲ್ಲ. ಹಾಳೆ ಕೊಡುತ್ತೀರಾ ಎಂದು ಮಾತ್ರ ಕೇಳಿದೆ. ಮೂರು ವರ್ಷ, ಹೋದಾಗೊಮ್ಮೆ ಕೇಳಿದೆ. ಅವರು ಪ್ರತಿ ಸಲವೂ ದ್ರಾಕ್ಷಿ ಕೊಟ್ಟು ಕಳಿಸಿದರು.

ತೊಂಬತ್ತರ ದಶಕ ಶುರುವಾದ ಒಂದು ಮಳೆಗಾಲ, ಮುನಿ ಮಹಾರಾಜರೊಬ್ಬರು ಚಾತುರ್ಮಾಸಕ್ಕೆಂದು ಕಾಗವಾಡದ ಬಸದಿಯಲ್ಲಿ ನಾಲ್ಕು ತಿಂಗಳು ಉಳಿದರು. ಅವರು ಮುಂದಿನ ಊರಿಗೆ ಹೊರಡುವ ಮೊದಲು ಅಜ್ಜ ಅವರ ಸನ್ನಿಧಿಯಲ್ಲಿ ಒಂದು ವ್ರತ ಹಿಡಿಯುವುದೆಂದು ಠರಾಯಿಸಿದರು. ಪರಿಗ್ರಹ ಪರಿಮಾಣ ಎನ್ನುತ್ತಾರೆ ಅದಕ್ಕೆ. ತನ್ನದು ಎಂಬ ವಸ್ತುಗಳು ಇಷ್ಟೇ ಎಂದು ಎಣಿಕೆ ಕಟ್ಟಿ, ಎಲ್ಲರೆದುರು ಓದಿ ಹೇಳಿ, ಸಾಯುವವರೆಗೆ ಅದರ ಮೇಲೆ ಒಂದೂ ಹೆಚ್ಚು ಇಟ್ಟುಕೊಳ್ಳದಿರುವುದು. ಅಜ್ಜ ಐವತ್ತು ಎಂದು ಹೇಳಿದ್ದರಂತೆ. ಆಮೇಲೆ ಹಲ್ಲಿನ ಸೆಟ್ಟು ನೆನಪಾಗಿ ಐವತ್ತೊಂದು ಮಾಡಿಕೊಂಡರು.

ಸುದ್ದಿ ತಂದ ಅತ್ತೆ, ಅಪ್ಪ ಎಲ್ಲ ಸಾಮಾನು ಹಂಚುತ್ತಿದ್ದಾನೆ ಎಂದು ಕಣ್ಣೊರೆಸಿಕೊಂಡರು. ನಾನೂ ಮುಖ ಸಣ್ಣದು ಮಾಡಿದೆ. ಒಳಗೆ ಎದೆ ಕುಣಿಯುತ್ತಿತ್ತು. ಒಬ್ಬ ಪುಣ್ಯಾತ್ಮ ಸಂಸಾರದ ಮೋಹ ಬಿಡುವಾಗ, ಬಿಟ್ಟದ್ದನ್ನು ಹಿಡಿದುಕೊಳ್ಳಲು ಪ್ಲಾಸ್ಟಿಕ್ ಫೋಲ್ಡರ್ ಹಿಡಿದು ಓಡುವ ಮನುಷ್ಯನ ಗತಿ ಏನಾಗುತ್ತದೆ ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ. ವ್ರತದ ಹಿಂದಿನ ದಿನ, ಬಸ್ಸು ಬದಲಿಸಿ, ಕೃಷ್ಣೆ ದಾಟಿ, ಮಧ್ಯಾಹ್ನದ ಹೊತ್ತಿಗೆ ಕಾಗವಾಡ ಮುಟ್ಟಿದೆ. ದಾರಿಯುದ್ದಕ್ಕೂ ಒಂದೇ ಚಿಂತೆ: ಹಾಳೆಯನ್ನು ಆಗಲೇ ಬೇರೆ ಯಾರಿಗಾದರೂ ಕೊಟ್ಟಿದ್ದರೆ?

ಮನೆಯ ತುಂಬ ನಂಬರುಗಳು. ಲೆಕ್ಕ ತಪ್ಪಬಾರದೆಂದು ಅಜ್ಜನ ಹಿರಿಯ ಸೊಸೆ ಅಜ್ಜ ಉಳಿಸಿಕೊಳ್ಳುವ ಒಂದೊಂದು ವಸ್ತುವಿನ ಮೇಲೂ ಸೀಮೆಸುಣ್ಣದಿಂದ ಬರೆದಿದ್ದರು. ತಂಬಿಗೆ ಹದಿನೇಳು. ಕೊಡೆ ಇಪ್ಪತ್ಮೂರು. ಕನ್ನಡಕದ ಡಬ್ಬಿ ನಲವತ್ತು, ಒಳಗಿನ ಕನ್ನಡಕ ನಲವತ್ತೊಂದು. ಚಪ್ಪಲಿಯ ವಾದ ನಾನು ಹೋದಾಗಲೂ ನಡೆದೇ ಇತ್ತು. ಸೊಸೆ ಜೋಡಿಗೆ ಒಂದೇ ನಂಬರು ಸಾಕು ಎನ್ನುತ್ತಿದ್ದರು. ಅಜ್ಜ, ಒಂದು ಕಳೆದರೆ ಇನ್ನೊಂದು ಉಳಿಯುತ್ತದಲ್ಲ, ಆದ್ದರಿಂದ ಎರಡು ಎನ್ನುತ್ತಿದ್ದರು. ಅಜ್ಜಿ ಈ ಯಾವ ಗೊಡವೆಗೂ ಹೋಗದೆ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತ ಕೂತಿದ್ದರು. ನನ್ನನ್ನು ಕಂಡು, "ಬರ್ರಿ ಮಾಸ್ತರ. ನಿಂತಲ್ಲೇ ನಿಂತ್ರ ನಿಮಗೂ ಒಂದ ನಂಬರ ಹಾಕ್ಯಾರು" ಎಂದರು. ಅವರಿಗೆ ವ್ರತದ ಮನಸ್ಸಿರಲಿಲ್ಲ. ನನ್ನ ಸಾಮಾನು ನನಗ ಇರಲಿ ಎಂದು ಮೊದಲೇ ಹೇಳಿಬಿಟ್ಟಿದ್ದರು.

ಊಟವಾದ ಮೇಲೆ ಅಜ್ಜ ನನ್ನನ್ನು ಒಳಕೋಣೆಗೆ ಕರೆದು ಅಗಳಿ ಹಾಕಿದರು. ಕಪಾಟು ತೆರೆದರು. ಹಾಳೆ ಇತ್ತು. ಅದರ ಮೇಲೆ ನಂಬರು ಇರಲಿಲ್ಲ.

"ಮಾಸ್ತರ, ಐವತ್ತೊಂದ ಆಗ್ಯಾವು. ಇದ ಐವತ್ತೆರಡನೇದ್ದು" ಎಂದರು.

ನಾನು ಫೋಲ್ಡರ್ ಬಿಚ್ಚಿ, ಹಾಗಾದರೆ ನನಗೆ ಕೊಟ್ಟುಬಿಡಿ, ಜೀವದಂತೆ ನೋಡಿಕೊಳ್ಳುತ್ತೇನೆ ಎಂದೆ. ಅಜ್ಜ ತಲೆ ಅಲ್ಲಾಡಿಸಿದರು.

"ಕೊಟ್ರ ಅದು ನಿಮ್ಮದ ಆಗಬೇಕಲಾ? ನಿಮ್ಮ ಟ್ರಂಕಿನ್ಯಾಗ ಇದ್ರೂ ನನ್ನ ಮನಸಿನ್ಯಾಗ ನಂದ ಇರ್ತೈತಿ. ನಾಳೆ ಮಹಾರಾಜರ ಮುಂದ ಐವತ್ತೊಂದ ಅಂದ್ರ ಸುಳ್ಳ ಹೇಳಿದ್ಹಂಗ ಆತು."

ಹಾಗಾದರೆ ಬೇರೆ ಏನಾದರೂ ಒಂದನ್ನು ಬಿಟ್ಟು ಇದನ್ನೇ ಯಾದಿಯಲ್ಲಿ ಸೇರಿಸಿ ಎಂದೆ. ಇದರಿಂದ ಹಾಳೆ ನನ್ನ ಕೈ ತಪ್ಪುತ್ತಿತ್ತು, ಆದರೂ ಹೇಳಿದೆ. ಅಜ್ಜ ಮಂಚದ ಮೇಲೆ ಕೂತರು. ಯಾದಿಯನ್ನು ಬಸದಿಯಲ್ಲಿ ಗಟ್ಟಿಯಾಗಿ ಓದುತ್ತಾರೆ, ಅಜ್ಜಿ ಹೆಂಗಸರ ಸಾಲಿನಲ್ಲಿ ಮುಂದೇ ಕೂಡುತ್ತಾಳೆ, ಇದೇನು ಹಾಲಿನ ಡಬ್ಬಿಯ ಚಿತ್ರ ಎಂದು ಕೇಳಿಯೇ ಕೇಳುತ್ತಾಳೆ ಎಂದರು. ಕೇಳಿದರೆ ಏನಾಯಿತು ಎಂದೆ. ಆಗ ಹೇಳಿದರು.

ಇಪ್ಪತ್ತೆರಡು ಇಪ್ಪತ್ಮೂರರ ಹರೆಯದಲ್ಲಿ ಅಜ್ಜ ಕೊಲ್ಹಾಪುರದ ಹತ್ತಿರದ ಆ ನಿರಾಶ್ರಿತರ ಛಾವಣಿಗೆ ಬೆಲ್ಲ ಹಾಕುತ್ತಿದ್ದರು. ಒಂದು ಸಂಜೆ ಚಕ್ಕಡಿ ಖಾಲಿ ಮಾಡಿ ಹೊರಡುವಾಗ ಬೆನ್ನು ಹಿಡಿದು ಬಗ್ಗಿ ನಿಂತಿದ್ದರಂತೆ. ಅಲ್ಲಿಯ ಒಬ್ಬ ಹೆಂಗಸು, ಅವರ ತಾಯಿಯ ವಯಸ್ಸಿನವಳು, ಏನೋ ತನ್ನ ಭಾಷೆಯಲ್ಲಿ ಅಂದು, ಪಾವ್ ರೊಟ್ಟಿಯ ತುಂಡಿನ ಮೇಲೆ ಡಬ್ಬಿಯಿಂದ ಸಕ್ಕರೆಯ ಗಟ್ಟಿ ಹಾಲು ಸುರಿದು ಕೈಗಿಟ್ಟಳು. ಬೇಡ ಎನ್ನಲು ಅವಳ ಭಾಷೆ ಬರಲಿಲ್ಲ. ತಿಂದರು. ಹೊರಗಿನವರ ಕೈಯ ಡಬ್ಬಿ ಹಾಲು ಒಂದು, ಹುಳಿ ಬರಿಸಿದ ಪಾವು ಎರಡು, ಹೊತ್ತು ಮುಳುಗಿದ್ದು ಮೂರು. ಒಂದೇ ತುತ್ತಿನಲ್ಲಿ ಮೂರು ತಪ್ಪು. ಕೆಲವು ವರ್ಷ ಕಳೆದ ಮೇಲೆ ರದ್ದಿಯ ಕಟ್ಟಿನಲ್ಲಿ ಈ ಚಿತ್ರ ಸಿಕ್ಕಾಗ ಹರಿದು ಒಗೆಯಲಿಕ್ಕೆ ಕೈ ಬರಲಿಲ್ಲ.

"ಪಾಪ ಅಂತ ಗೊತ್ತಿತ್ರಿ. ಆದ್ರ ಏನ್ ರುಚಿ ಇತ್ತು ಅಂತೀರಿ" ಎಂದರು ಅಜ್ಜ. ಎಪ್ಪತ್ತರ ಗಡಿಯ ಮನುಷ್ಯನ ಗಂಟಲು ಆ ನೆನಪಿಗೆ ಒಮ್ಮೆ ಏರಿ ಇಳಿಯಿತು.

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅಜ್ಜಿಗಂತೂ ಅಲ್ಲವೇ ಅಲ್ಲ. ನಾಳೆ ಬೆಳಿಗ್ಗೆ ವ್ರತ, ನಾಡಿದ್ದು ಮಹಾರಾಜರು ಮುಂದಿನ ಊರಿಗೆ ವಿಹಾರ ಹೊರಡುವುದು. ಮನಸ್ಸು ಸ್ವಚ್ಛ ಮಾಡಿಕೊಂಡು ಕೈ ಮುಗಿಯಬೇಕು ಎಂದರೆ ಈ ಹಾಳೆ ಅಡ್ಡ ನಿಂತಿತ್ತು.

ಅಲ್ಲಿ ನಾನು ಸುಮ್ಮನಿರಬೇಕಿತ್ತು. ಗಾಬರಿಯಾದಾಗ ನನಗೆ ಸುಮ್ಮನಿರಲು ಬರುವುದಿಲ್ಲ, ಉಪಾಯ ಹೇಳಲು ಬರುತ್ತದೆ. ಟಾಚಣಿ ಚುಚ್ಚಿದ್ದರಿಂದ ಇದು ಬಿಡಿ ವಸ್ತು ಎಂದೆ. ಅಂಟಿನಿಂದ ಬಾಗಿಲಿಗೆ ಹಚ್ಚಿಬಿಟ್ಟರೆ ಅದು ಕಪಾಟೇ ಆಯಿತು, ಕಪಾಟು ಗೋಡೆಯದು, ಗೋಡೆ ಮನೆಯದು, ಮನೆ ಮಕ್ಕಳ ಹೆಸರಿಗಾಗಿದೆ. ಅಂದರೆ ಹಾಳೆ ನಿಮ್ಮದಲ್ಲ, ಆದರೆ ಇಲ್ಲೇ ಇರುತ್ತದೆ. ನಿಜ ಹೇಳಬೇಕೆಂದರೆ, ಈ ವಕೀಲಿಗೆ ಅಜ್ಜ ನಕ್ಕು, ಹುಚ್ಚಪ್ಪಾ ನೀನೇ ಒಯ್ಯಿ ಎಂದಾರು ಎಂಬ ಆಸೆ ನನಗಿತ್ತು. ಅಜ್ಜನ ಮುಖ ಅರಳಿತು.

"ಹೌದಲಾ" ಎಂದರು. "ಹಚ್ರಿ ಹಂಗಾರ."

ಟ್ರಂಕು ತುಂಬ ಹಾಳೆಗಳಿಗೆ ಗಾಳಿ ಹಾಕಿ ಸಾಕಿದ ಕೈಯಿಂದ ನಾನು ಮೈದಾ ಹಿಟ್ಟಿನ ಅಂಟು ಕಾಸಿ ತಂದೆ. ಸೊಸೆ ಯಾಕೆ ಎಂದು ಕೇಳಿದಾಗ ಶಾಲೆಯ ಕೆಲಸ ಎಂದೆ. ಹಾಳೆಯ ಬೆನ್ನಿಗೆ ಅದನ್ನು ಸವರುವಾಗ, ಒಳ್ಳೆಯ ರೇಷ್ಮೆ ಸೀರೆಗೆ ಕೆಸರು ಬಳಿಯುತ್ತಿದ್ದೇನೆ ಎನಿಸಿತು. ಹಚ್ಚಿದೆ. ಅಜ್ಜ ಅಂಗೈಯಿಂದ ಒತ್ತಿ, ಹಿಂದೆ ಸರಿದು, ಮಂಚದ ಮೇಲೆ ಕೂತು ನೋಡಿದರು. ನಾನೂ ನೋಡಿದೆ. ಹಾಲು ಮೊದಲಿನಂತೆಯೇ ಬೀಳುತ್ತಿತ್ತು.

ಒಂದು ಜಪಮಾಲೆ ತಿರುಗಿಸುವಷ್ಟು ಹೊತ್ತು ಹೋಗಿರಬೇಕು. ಅಜ್ಜ ಎದ್ದು ನಿಂತರು.

"ತಗೀರಿ ಮಾಸ್ತರ. ಇದು ಮೊದಲಿಂದಕ್ಕಿಂತ ದೊಡ್ಡ ತಪ್ಪ ಆತು. ಅದು ಬಾಯಿಗೆ ರುಚಿ ಹತ್ತಿ ಆಗಿದ್ದು. ಇದು ತಲಿ ಓಡಿಸಿ ಮಾಡಿದ್ದು."

ತೆಗೆಯುವುದು ಹಚ್ಚಿದಷ್ಟು ಸುಲಭವಿರಲಿಲ್ಲ. ಒದ್ದೆ ಪಂಜೆಯ ತುದಿಯಿಂದ ಅಂಚು ನೆನೆಸಿ, ಉಗುರು ತೂರಿಸಿ, ಉಸಿರು ಬಿಗಿಹಿಡಿದು ಎಬ್ಬಿಸುತ್ತ ಬಂದೆ. ಮುಕ್ಕಾಲು ಬಂದಿತ್ತು. ಆಗ ಬಾಗಿಲು ಬಡಿದ ಸಪ್ಪಳವಾಯಿತು. ಅಜ್ಜಿ. ನಡುಹಗಲು ಅಗಳಿ ಹಾಕಿಕೊಂಡು ಮೈದಾ ಹಿಟ್ಟು ಏನು ಮಾಡುತ್ತಿದ್ದೀರಿ ಎಂದು ಕೇಳುತ್ತಿದ್ದರು. ನನ್ನ ಕೈ ಜಾರಿತು. ಕೆಳಗಿನ ಎಡ ಮೂಲೆ, ಕಂಪನಿಯ ಹೆಸರಿದ್ದ ಮೂಲೆ, ಬಾಗಿಲಲ್ಲೇ ಅಂಟಿಕೊಂಡು, ಮಿಕ್ಕದ್ದು ನನ್ನ ಕೈಗೆ ಬಂತು. ಅಜ್ಜ ಅಗಳಿ ತೆಗೆದರು.

ಅಜ್ಜಿ ನನ್ನನ್ನು ನೋಡಿದರು, ಹಾಳೆಯನ್ನು ನೋಡಿದರು, ಆಮೇಲೆ ಅಜ್ಜನನ್ನು. ಏನೂ ಕೇಳಲಿಲ್ಲ. ಅಜ್ಜನಿಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಛಾವಣಿ, ಚಕ್ಕಡಿ, ಆ ಹೆಂಗಸು, ಪಾವು, ಹಾಲು, ಮುಳುಗಿದ ಹೊತ್ತು, ಎಲ್ಲವನ್ನೂ ನೆಲ ನೋಡುತ್ತ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ನಾನು ಒದ್ದೆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಮದುವೆಯಲ್ಲಿ ಅಂತರಪಟ ಹಿಡಿದವನ ಹಾಗೆ ಇಬ್ಬರ ನಡುವೆ ನಿಂತಿದ್ದೆ.

ನೇಮ ಮುರಿದದ್ದಕ್ಕೆ ಅಜ್ಜಿ ಬೈಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕಡೆ ತಿರುಗಿದರು.

"ಮಾಸ್ತರ, ಇವರನ್ನ ಕೇಳ್ರಿ. ಅದು ಯಾವಾಗ?"

ಅಜ್ಜ ಎರಡು ಮಾರು ದೂರದಲ್ಲಿದ್ದರು. ಆದರೂ ಕೇಳಿದೆ. ಯುದ್ಧ ನಡೆದಾಗ ಎಂದರು ಅಜ್ಜ. ಅದು ಗೊತ್ತಾಯಿತು, ಯಾವ ತಿಂಗಳು ಎಂದು ಕೇಳಿ ಎಂದರು ಅಜ್ಜಿ. ಕೇಳಿದೆ. ಚಳಿಗಾಲ, ಗಾಣ ಶುರುವಾಗಿದ್ದವು, ಹೊಸ ಬೆಲ್ಲ ಒಯ್ದಿದ್ದೆ ಎಂದರು. ಅಜ್ಜಿ ಬೆರಳು ಮಡಚಿದರು. ಮೂರನೆಯ ಬೆರಳಿಗೆ ನಿಂತರು.

"ಆವಾಗ ನಾ ಬಸರಿದ್ದೆ. ನಿಮ್ಮ ಅತ್ತಿ ಹೊಟ್ಟ್ಯಾಗಿದ್ಲು. ಸಕ್ಕರಿ ಕಂಟ್ರೋಲ ಇತ್ತು. ಬೆಲ್ಲ ಕಂಡ್ರ ನನಗ ವಾಕರಿಕಿ. ಒಂದ ಚಮಚಾ ಸಕ್ಕರಿ ಹಾಲ ಬೇಕ ಅಂತ ಬಾಯಿ ಬಿಟ್ಟ ಕೇಳಿದ್ದೆ ಇವರಿಗೆ. ಎಲ್ಲಿಂದ ತರ್ಲಿ ಅಂದಿದ್ರು."

ಅಜ್ಜ ತಲೆ ಎತ್ತಲಿಲ್ಲ.

"ಕೂಸ ಹುಟ್ಟಿತು, ಕಿವಿ ಸೋರಾಕ ಹತ್ತಿತು. ಬಸರಬಯಕಿ ತೀರಲಿಲ್ಲಂದ್ರ ಹಂಗ ಅಂತಾರ ನಮ್ಮ ಕಡೆ. ನೀ ಏನ ಬಯಸಿ ಮುಚ್ಚಿಟ್ಟಿ ಅಂತ ನಮ್ಮ ಅತ್ತಿ ಮೂರ ವರ್ಷ ನನ್ನ ಬೈದ್ಲು. ಗಂಡನ್ನ ಕೇಳಿದ್ದೆ ಅಂತ ನಾ ಒಂದ ದಿನಾ ಹೇಳಲಿಲ್ಲ. ಇವರ ಮರ್ಯಾದಿ ಹೋಗಬಾರದಂತ. ಇವರು ನೋಡಿದ್ರ ಅಲ್ಲಿ ಒಬ್ರ ತಿಂದ ಬಂದಿದ್ರು."

ಪಾವು, ಮುಳುಗಿದ ಹೊತ್ತು, ಡಬ್ಬಿಯ ಹಾಲು, ಯಾವುದೂ ಅವರ ಲೆಕ್ಕದಲ್ಲಿ ಇರಲಿಲ್ಲ. ಒಬ್ಬರೇ ತಿಂದದ್ದು ಒಂದೇ ಇತ್ತು. ಅಜ್ಜ ಮೂರು ತಪ್ಪು ಎಣಿಸಿ ಐವತ್ತು ವರ್ಷದ ಹತ್ತಿರ ಹೊತ್ತು ತಿರುಗಿದ್ದರು; ನಾಲ್ಕನೆಯದು ಅವರಿಗೆ ಹೊಳೆದಿರಲೇ ಇಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅಜ್ಜಿ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಹರಿದಾರು ಎಂದು ನನ್ನ ಜೀವ ಹಾರಿತು. ಅವರು ಅದನ್ನು ಹಿತ್ತಾಳೆಯ ತಾಟಿನ ಮೇಲೆ ಬೋರಲು ಹಾಕಿ, ಸೆರಗಿನ ತುದಿ ಒದ್ದೆ ಮಾಡಿ, ಮಗುವಿನ ಮುಖ ಒರೆಸುವ ಹಾಗೆ ಬೆನ್ನಿನ ಮೈದಾ ಒರೆಸಿದರು. ಕಾಗದದ ಒಂದು ಎಳೆಯೂ ಏಳಲಿಲ್ಲ. ಇಷ್ಟು ವರ್ಷ ಕಾಗದ ಸಾಕಿದ ನನಗೂ ಆ ಕೈ ಬರುತ್ತಿರಲಿಲ್ಲ. ಮಗುಚಿ ಹಾಕಿ, ಕೆಳಗೆ ಏನು ಬರೆದಿದೆ ಎಂದು ಕೇಳಿದರು. ಉಳಿದಷ್ಟನ್ನು ಓದಿ ಕನ್ನಡದಲ್ಲಿ ಹೇಳಿದೆ: ಸದ್ಯಕ್ಕೆ ನಿಮ್ಮ ಪಾಲಿನದು ರಣರಂಗಕ್ಕೆ ಹೋಗಿದೆ, ಸಿಟ್ಟಾಗಬೇಡಿ, ಯುದ್ಧ ಮುಗಿದ ಕೂಡಲೇ ನಿಮಗೆ ಮುಟ್ಟಿಸುತ್ತೇವೆ.

"ಮುಗದ ಎಷ್ಟ ವರ್ಷ ಆತ್ರಿ?" ಎಂದರು ಅಜ್ಜಿ.

ನಲವತ್ತೈದರ ಮೇಲಾಯಿತು ಎಂದೆ.

"ನನ್ನ ಪಾಲಿಂದು ಇನ್ನೂ ಮುಟ್ಟಿಲ್ಲ. ಇವರಿಗೆ ಹೇಳ್ರಿ."

ಹೇಳಬೇಕಾಗಲಿಲ್ಲ. ಅಜ್ಜ ಬಂದು ತಾಟಿನ ಆ ಕಡೆ ಕೂತರು. ಮಿರಜದಲ್ಲಿ ಈಗ ಡಬ್ಬಿ ಹಾಲು ಸಿಗುತ್ತದೆ, ಸಂಜೆಯೊಳಗೆ ತರುತ್ತೇನೆ ಎಂದು ನಾನು ನಡುವೆ ಬಾಯಿ ಹಾಕಿದೆ. ಅಜ್ಜಿ ನನ್ನನ್ನು ನೋಡಿದ ನೋಟಕ್ಕೆ ಅರ್ಧಕ್ಕೇ ನಿಲ್ಲಿಸಿದೆ. ಯಾರೋ ಎಲ್ಲೋ ಕರೆದು ಡಬ್ಬಿಯಲ್ಲಿ ತುಂಬಿದ ಹಾಲನ್ನು ತಾನು ಯಾಕೆ ತಿಂದೇನು ಎಂದರು. ಹಾಲು ಬೇಕಾಗಿರಲಿಲ್ಲ ಅವರಿಗೆ. ಆಗ ತರಲಿಲ್ಲ ಎನ್ನುವುದೇ ಅವರ ಮನಸ್ಸಿನಲ್ಲಿತ್ತು.

"ತಪ್ಪಾತು" ಎಂದರು ಅಜ್ಜ. ಹೆಂಡತಿಗೆ ನೇರವಾಗಿ, ಮೆಲ್ಲಗೆ. ಆ ಪೀಳಿಗೆಯ ಗಂಡಸರು ಹೆಂಡತಿಗೆ ಈ ಮಾತು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೇಳಬಾರದ್ದನ್ನು ಕೇಳಿದಂತಾಗಿ ಕಪಾಟಿನ ಕಡೆ ತಿರುಗಿ ನಿಂತೆ.

ಅಜ್ಜಿ ಸ್ವಲ್ಪ ಹೊತ್ತಿಗೆ ತಾಟು ಎತ್ತಿಕೊಂಡು ಎದ್ದರು. "ಇದು ನಂದು" ಎಂದರು. "ನಾಳೆ ಇವರು ಐವತ್ತೊಂದ ಅಂತ ಓದಲಿ. ನಾ ಯಾವ ವ್ರತಾನೂ ಹಿಡದಿಲ್ಲ."

ಅಜ್ಜ ನನ್ನ ಕಡೆ ನೋಡಿದರು. ಕೊಟ್ಟದ್ದಲ್ಲ, ಮುಚ್ಚಿಟ್ಟದ್ದಲ್ಲ. ತನ್ನದು ಎಂದು ಅಜ್ಜಿಯೇ ಎತ್ತಿಕೊಂಡು ಹೋದರು. ಇನ್ನು ಅದು ತನ್ನದಲ್ಲ ಎಂಬ ಬಗ್ಗೆ ಅವರ ಮನಸ್ಸಿನಲ್ಲಿ ಅನುಮಾನವೇ ಇದ್ದಂತಿರಲಿಲ್ಲ. ನನ್ನ ಮನಸ್ಸಿನಲ್ಲೂ ಇರಲಿಲ್ಲ. ಖಾಲಿ ಫೋಲ್ಡರನ್ನು ಚೀಲದೊಳಗೆ ಹಾಕಿದೆ.

ಮರುದಿನ ಬೆಳಿಗ್ಗೆ ಬಸದಿಯಲ್ಲಿ ಅಜ್ಜ ಯಾದಿ ಓದುವ ಮೊದಲು ಮಹಾರಾಜರ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಎಲ್ಲ ಹೇಳಿಕೊಂಡರು. ಮಹಾರಾಜರು ಪ್ರಾಯಶ್ಚಿತ್ತಕ್ಕೆ ಒಂದು ತಿಂಗಳು ಒಂದು ರಸ ಬಿಡು, ಯಾವುದು ಬಿಡುತ್ತೀ ನೀನೇ ಹೇಳು ಎಂದರು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇವುಗಳಲ್ಲಿ ಒಂದು. ಅಜ್ಜ ಕ್ಷಣ ಯೋಚಿಸಿ, ಉಪ್ಪು ಎಂದರು.

ಹೆಂಗಸರ ಸಾಲಿನಿಂದ ಅಜ್ಜಿಯ ದನಿ ಬಂತು. "ಉಪ್ಪ ಡಾಕ್ಟರ ಆಗಲೇ ಬಿಡಿಸ್ಯಾರ್ರಿ ಮಹಾರಾಜ. ಹಾಲ ಬಿಡಸ್ರಿ."

ಹಾಲು ಬಿಡಿಸಿದರು. ಆಮೇಲೆ ಅಜ್ಜ ಐವತ್ತೊಂದು ವಸ್ತುಗಳ ಹೆಸರು ಓದಿದರು. ಚಪ್ಪಲಿಗೆ ಕೊನೆಗೂ ಎರಡು ನಂಬರು ಬಂದಿದ್ದವು. ಅದಕ್ಕಾಗಿ ಕೊಡೆ ಬಿಟ್ಟಿದ್ದರು. ಓದಿ ಮುಗಿಸಿ ಕೈ ಮುಗಿದಾಗ ಅವರ ಮುಖ ಸ್ನಾನ ಮಾಡಿ ಬಂದವರ ಹಾಗಿತ್ತು.

ಮುಂದಿನ ಬೇಸಿಗೆಯ ರಜೆಗೆ ಹೆಂಡತಿಯೊಂದಿಗೆ ಕಾಗವಾಡಕ್ಕೆ ಹೋಗಿದ್ದೆ. ಹಾಳೆ ಅಜ್ಜಿಯ ಟ್ರಂಕಿನಲ್ಲಿ, ಅವರ ಮದುವೆಯ ಸೀರೆಯ ಮಡಿಕೆಯೊಳಗೆ ಇತ್ತು. ನೋಡಬೇಕೆಂದರೆ ಅಜ್ಜನೂ ಕೇಳಬೇಕು. ಸಂಜೆಯ ಊಟ ಬೇಗ ಮುಗಿಸಿ ಪಡಸಾಲೆಯಲ್ಲಿ ಕೂತಾಗ ಅಜ್ಜ ನನ್ನ ನೆಪ ಮಾಡಿದರು. ಮಾಸ್ತರರು ದೂರದಿಂದ ಬಂದಿದ್ದಾರೆ, ಅವರಿಗೆ ಒಂದು ಸಲ ತೋರಿಸು ಎಂದರು.

"ಇವತ್ತ ಅಷ್ಟಮಿ, ನೇಮದ ದಿನ. ಸಿಹಿ ನೋಡಬಾರದು" ಎಂದರು ಅಜ್ಜಿ, ಬತ್ತಿ ಹೊಸೆಯುತ್ತ.

ಅಜ್ಜ ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ದಶಮಿ ಇತ್ತು. ಅಜ್ಜನಿಗೆ ಕನ್ನಡಕ ಹಾಕದಿದ್ದರೂ ಅದು ಗೊತ್ತಿತ್ತು. ತಿಥಿ ತಪ್ಪುವ ಮನುಷ್ಯ ಅವರಲ್ಲ. ಆದರೂ ಹೌದೆಂದು ತಲೆದೂಗಿ, ಅಜ್ಜಿಗೆ ಬತ್ತಿಯ ಹತ್ತಿ ಬಿಡಿಸಿ ಕೊಡತೊಡಗಿದರು.